ಒಂದು ಹುಣಸೆ, ಎರಡು ಪ್ರೊಸೆಸರ್

ಸರಸಂಬಾ ಕ್ರಾಸಿನ ಹುಣಸೆ ಮರಕ್ಕೆ ಬಿಳಿ ಬಣ್ಣದಲ್ಲಿ ನೂರಾ ಹದಿನಾಲ್ಕು ಎಂದು ನಂಬರ್ ಬರೆದ ಶುಕ್ರವಾರ ಜಯಮಾಲಾ ಅದರ ಕೆಳಗೇ ಕೂತು ಚಹಾ ಕುಡಿಯುತ್ತಿದ್ದಳು. ಅಫಜಲಪುರದ ಕಡೆ ಒಂದು ಮದುವೆಯ ವಿಡಿಯೋ ಮುಗಿಸಿ ತನ್ನ ಊರು ನರೋಣಾಕ್ಕೆ ಹೊರಟವಳು ಬಸ್ಸು ಬದಲಿಸಲು ಅಲ್ಲಿ ಇಳಿದಿದ್ದಳು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ತೊಡೆಯ ಮೇಲೆ ಡ್ರೋನಿನ ಪೆಟ್ಟಿಗೆ. ಏಪ್ರಿಲ್ ತಿಂಗಳ ಕೊನೆಯ ಬಿಸಿಲು. ರಸ್ತೆಯಾಚೆಯ ಹೊಲಗಳು ಬಿಸಿಲಿನಲ್ಲಿ ನಡುಗುತ್ತಿದ್ದವು. ದೂರದಿಂದ ಬರುವ ಲಾರಿಗಳು ನೆಲಕ್ಕೆ ತಾಗದೆ, ಇಲ್ಲದ ನೀರಿನ ಮೇಲೆ ತೇಲಿಕೊಂಡು ಬರುತ್ತಿದ್ದವು. ಮರದ ಕೆಳಗೆ ಮಾತ್ರ ಬೇರೆ ಯಾವುದೋ ತಿಂಗಳು ನಡೆದಿತ್ತು.

ಅಲ್ಲಿಯ ಚಹಾದ ಒಲೆ ಸಕ್ಕುಬಾಯಿಯದು. ಅರವತ್ತು ದಾಟಿದ, ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಹಿಂದೆ ಅತ್ತೆ ಕೂಡುತ್ತಿದ್ದ ಜಾಗದಲ್ಲಿ ನಲವತ್ತು ವರ್ಷಗಳಿಂದ ಈಕೆ ಕೂತಿದ್ದಳು. ನಂಬರ್ ಬರೆದವನಿಗೂ ಒಂದು ಕಪ್ ಚಹಾ ಕೊಟ್ಟು ಕೇಳಿದಳು.

“ಯಾವತ್ತಪ್ಪ?”

“ಮುಂದಿನ ಬೇಸ್ತವಾರ, ಆಯಿ. ರಸ್ತೆ ಅಗಲ ಮಾಡ್ತಾರ.”

ಸಕ್ಕುಬಾಯಿ ಅಳಲಿಲ್ಲ, ಬೈಯಲೂ ಇಲ್ಲ. ಒಲೆಯ ಉರಿ ಸಣ್ಣ ಮಾಡಿ, ತಲೆಯೆತ್ತಿ, ಕೊಂಬೆಗಳ ನಡುವೆ ಬಹಳ ಹೊತ್ತು ನೋಡಿದಳು. ಆಮೇಲೆ ಜಯಮಾಲಾಳ ತೊಡೆಯ ಮೇಲಿದ್ದ ಪೆಟ್ಟಿಗೆಯ ಕಡೆ ತಿರುಗಿದಳು.

“ಅದು ಹಾರೋ ಡಬ್ಬಿ ಅಲ್ಲೇನ ಮಗಳ?”

“ಹೌದ್ರಿ ಆಯಿ. ಡ್ರೋನ್.”

“ಮ್ಯಾಲ ಹೋಗಿ ಫೋಟೋ ತಗೀತದಲ್ಲ? ಈ ಗಿಡದ ನೆತ್ತಿ ತೋರಸ್ತಿಯೇನು? ನಲವತ್ತು ವರ್ಷ ಬುಡದಾಗ ಕುಂತೇನಿ. ನೆತ್ತಿ ಹ್ಯಾಂಗದ ಅಂತ ಒಂದಿನಾನೂ ನೋಡಿಲ್ಲ.”

ಜಯಮಾಲಾ ಅಲ್ಲಿಯೇ ಡ್ರೋನ್ ಹಾರಿಸಿದಳು. ಸೊನ್ನದ ಬ್ಯಾರೇಜಿನ ಮೇಲೆ, ಭೀಮಾ ನದಿಯ ಗಾಳಿಯಲ್ಲಿ ಮದುಮಕ್ಕಳ ವಿಡಿಯೋ ತೆಗೆದವಳಿಗೆ ಇದೇನು ದೊಡ್ಡದಲ್ಲ. ಮರವನ್ನು ಒಂದು ಸುತ್ತು ಹಾಕಿ ಇಳಿಸಿ, ಮೊಬೈಲಿನಲ್ಲಿ ತೋರಿಸಿದಳು. ಸಕ್ಕುಬಾಯಿ ಪರದೆಗೆ ಬೆಳಕು ಬೀಳದಂತೆ ಸೆರಗು ಮರೆಮಾಡಿಕೊಂಡು ನೋಡಿದಳು. ಅಂಗೈಯಗಲದ ಪರದೆಯಲ್ಲಿ ಒಂದು ಹಸಿರು ಮುದ್ದೆ ತಿರುಗಿ ಮಾಯವಾಯಿತು.

“ಹಕ್ಕಿ ನೋಡಿಧಂಗ ಆತವ್ವ. ಭರ್ ಅಂತ ಬಂತು, ಭರ್ ಅಂತ ಹೋತು. ಗುಡಿ ಸುತ್ತಿಧಂಗ ಸುತ್ತಬೇಕು ನಾ. ಬೇಕಾದಲ್ಲಿ ನಿಂತು ನೋಡಬೇಕು.”

ಬಸ್ಸು ಬಂತು. ನರೋಣಾದವರೆಗೂ ಆ ಮಾತು ಜಯಮಾಲಾಳ ಜೊತೆಗೇ ಬಂತು. ಅವಳಿಗೆ ಒಂದು ಸಾಫ್ಟ್‌ವೇರ್ ಗೊತ್ತಿತ್ತು. ಒಂದು ವಸ್ತುವನ್ನು ಎಲ್ಲ ದಿಕ್ಕಿನಿಂದ ನೂರಾರು ಫೋಟೋ ತೆಗೆದು ಕೊಟ್ಟರೆ ಅದು ಎಲ್ಲವನ್ನೂ ಕೂಡಿಸಿ, ಸುತ್ತ ತಿರುಗಿಸಿ ನೋಡುವಂಥ ಆಕಾರ ಕಟ್ಟಿಕೊಡುತ್ತದೆ. ಮನೆಯ ಒರಳುಕಲ್ಲಿನ ಮೇಲೆ ಒಮ್ಮೆ ಪ್ರಯತ್ನಿಸಿದ್ದಳು. ಒರಳು ಪರದೆಯ ಕತ್ತಲಲ್ಲಿ ಗ್ರಹದ ಹಾಗೆ ತಿರುಗಿತ್ತು. ಒರಳಿಗೆ ಆಗಿದ್ದು ಮರಕ್ಕೆ ಯಾಕೆ ಆಗಬಾರದು?

ರವಿವಾರ ಬೆಳಗ್ಗೆ, ಗಾಳಿ ಏಳುವ ಮೊದಲೇ ಕ್ರಾಸಿಗೆ ಬಂದಳು. ಎಲೆ ಅಲುಗಿದರೆ ಫೋಟೋಗಳು ಒಂದಕ್ಕೊಂದು ಹೊಂದುವುದಿಲ್ಲ. ಆ ಹೊತ್ತಿಗೆ ಹುಣಸೆ ಉಸಿರು ಹಿಡಿದು ನಿಂತ ಹಾಗಿತ್ತು. ಬುಡದಿಂದ ಶುರು ಮಾಡಿ ಒಂದೊಂದೇ ಸುತ್ತು ಮೇಲೇರಿಸುತ್ತ ಡ್ರೋನಿನಿಂದ ಆರುನೂರಕ್ಕೂ ಹೆಚ್ಚು ಫೋಟೋ ತೆಗೆದಳು. ಸಕ್ಕುಬಾಯಿ ಒಲೆ ಹಚ್ಚಿ, ನೀರು ತುಂಬಿ, ಕಪ್ಪುಬಸಿ ತೊಳೆಯುತ್ತ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದಳು.

ಜಯಮಾಲಾ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಮೊದಲ ಕರಡನ್ನು ಅಲ್ಲಿಯೇ ಮಾಡಿಸಿದಳು. ಕರೆಂಟಿನ ಹಂಗಿಲ್ಲ, ವೈರ್ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಮೊದಲು ಒಂದು ಚುಕ್ಕಿ, ಆಮೇಲೆ ಹತ್ತು, ಆಮೇಲೆ ಜೇನುಹುಳು ಎದ್ದ ಹಾಗೆ ಸಾವಿರಾರು. ಚುಕ್ಕಿಗಳ ಮೋಡದೊಳಗೆ ಮರದ ನೆರಳಿನಂಥದ್ದೊಂದು ಮೂಡಿತು. ಉತ್ತರದ ಕಡೆ ದೊಡ್ಡ ತೂತು ಕಾಣಿಸಿತು. ಆ ಬದಿಯ ಫೋಟೋ ಸಾಲದಾಗಿದ್ದವು. ಜಯಮಾಲಾ ಇನ್ನೊಮ್ಮೆ ಡ್ರೋನ್ ಏರಿಸಿ ತೂತಿಗೆ ಬೇಕಾದಷ್ಟು ತೆಗೆದುಕೊಂಡಳು. ಲ್ಯಾಪ್‌ಟಾಪ್ ಕೊಂಡದ್ದು ಸಾರ್ಥಕ ಎನಿಸಿತು.

ಆ ಹೆಮ್ಮೆ ಮಧ್ಯಾಹ್ನದವರೆಗೆ ಮಾತ್ರ. ಮನೆಗೆ ಬಂದು ಪೂರ್ತಿ ಕೆಲಸಕ್ಕೆ ಹಚ್ಚಿದಳು. ಮೊದಲ ಕೆಲವು ನಿಮಿಷ ಅದು ಕುದುರೆಯ ಹಾಗೆ ಓಡಿತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ವೇಗದ ಅಂಕಿ ನಾಲ್ಕು ಗಿಗಾಹರ್ಟ್ಸ್ ಎಂದು ತೋರಿಸುತ್ತಿತ್ತು, ಉಳಿದ ಸಮಯ ಒಂಬತ್ತು ತಾಸು. ಆಮೇಲೆ ಒಳಗಿನ ಫ್ಯಾನು ಕೂಗತೊಡಗಿತು. ಕೀಲಿಗಳ ಮೇಲೆ ಬೆರಳಿಟ್ಟರೆ ಸುಡುತ್ತಿತ್ತು. ವೇಗ ಮೂರಾಯಿತು, ಎರಡಾಯಿತು, ಒಂದೂ ಕಾಲಿಗೆ ಬಂದು ನಿಂತಿತು. ಉಳಿದ ಸಮಯ ಇಪ್ಪತ್ತು ತಾಸು, ಮತ್ತೆ ನಲವತ್ತೊಂದು. ಜಯಮಾಲಾ ಅದನ್ನು ಟೇಬಲ್ ಫ್ಯಾನಿನ ಮುಂದಿಟ್ಟಳು. ನೆಲಕ್ಕೆ ನೀರು ಚಿಮುಕಿಸಿ, ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಬೋರಲು ಹಾಕಿ, ಕೆಳಗೆ ಗಾಳಿಯಾಡುವಂತೆ ಎತ್ತರ ಮಾಡಿದಳು. ಹೊರಗೆ ನಲವತ್ಮೂರು ಡಿಗ್ರಿ. ಗಾಳಿಯೇ ಸುಡುತ್ತಿರುವಾಗ ಗಾಳಿ ಹಾಕಿ ಏನು ಬಂತು?

ಅದರ ಪಕ್ಕದಲ್ಲೇ ಚಾಪೆಯ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಹುಣಸೆ ಮರ ಒಂದೊಂದೇ ಎಲೆ ಉದುರಿಸಿ ಅವಳ ಮಡಿಲಿಗೆ ಹಾಕುತ್ತಿತ್ತು. ‘ಇದು ಎಲ್ಲಿಯದು ಹೇಳು’ ಎಂದು ಯಾರೋ ಕೇಳುತ್ತಿದ್ದರು. ಅವಳು ಎಲೆ ಹಿಡಿದು ಕೊಂಬೆ ಹುಡುಕುತ್ತ ಏರುತ್ತಿದ್ದಳು. ಕೊಂಬೆ ಮುಟ್ಟುವಷ್ಟರಲ್ಲಿ ಇನ್ನೊಂದು ಎಲೆ ಬೀಳುತ್ತಿತ್ತು. ಎಚ್ಚರವಾದಾಗ ಕೋಣೆ ಶಾಂತವಾಗಿತ್ತು. ಕಾವು ತಡೆಯಲಾರದೆ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಬಂದ್ ಆಗಿತ್ತು. ಮಾಡಿದ್ದೆಲ್ಲ ಹೋಗಿತ್ತು.

ಸೋಮವಾರ ಅವಳು ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಚಮನಸಾಬರ ಅಂಗಡಿಗೆ ಹೋದಳು. ಚಮನಸಾಬರು ಇಪ್ಪತ್ತೈದು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುವವರು. ಐವತ್ತೆಂಟರ ಪ್ರಾಯ, ಮೂಗಿನ ತುದಿಯಲ್ಲಿ ಕನ್ನಡಕ, ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಬ್ರಷ್ಷು. ತಮ್ಮ ಕೈಯಾರೆ ಜೋಡಿಸಿದ ಡೆಸ್ಕ್‌ಟಾಪ್ ಒಂದನ್ನು ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದರು. ಜಯಮಾಲಾ ವಿಡಿಯೋ ಕೆಲಸ ಕಲಿತದ್ದೇ ಅದರ ಮೇಲೆ.

“ಚಾಚಾ, ನಂಗ ಮೋಸ ಆಗ್ಯದ ಅನಸ್ತದರಿ,” ಎಂದು ಚೀಲ ಇಳಿಸಿ, ಕ್ರಾಸಿನ ಹುಣಸೆಯ ಕಥೆ, ಬೇಸ್ತವಾರದ ಗಡುವು ಎಲ್ಲ ಹೇಳಿದಳು. “ನಿಮ್ಮ ಡೆಸ್ಕ್‌ಟಾಪಿನ್ಯಾಗ ಇರೋ ಪ್ರೊಸೆಸರ್ ಹೆಸರ ನೋಡೇ ನಾ ಇದನ್ನ ತಗೊಂಡಿದ್ದೆ. ಅದ ಹೆಸರು. ನಿಮ್ಮದು ಆರು ವರ್ಷದ ಹಳೇದು, ನಂದು ಹೊಸಾದು. ಆದರ ಒಂದು ಗಿಡಾ ಕಟ್ಟಾಕ ಆಗವಲ್ತು.”

ಚಮನಸಾಬರು ಲ್ಯಾಪ್‌ಟಾಪ್ ತಿರುವಿ ಕೆಳಗಿನ ಚೀಟಿ ಓದಿದರು.

“ಮೋಸ ಅಲ್ಲ ಬೇಟಿ. ಹೆಸರು ಪೂರ್ತಿ ಓದಿಲ್ಲ ನೀ, ಅಷ್ಟ. ಕಡೀ ಅಕ್ಷರ ನೋಡು. ಇದು ಯು, ನಂದು ಕೆ. ಒಂದೇ ಮನಿತನದ ಹೆಸರು, ಆದರ ಇಬ್ಬರ ಊಟ ಬ್ಯಾರೆ. ನಿಂದು ಹದಿನೈದು ವ್ಯಾಟ್ ತಿಂದು ಬದಕಬೇಕು, ಒಂದು ದೊಡ್ಡ ಎಲ್‌ಇಡಿ ಬಲ್ಬ್ ತಿಂದಷ್ಟು. ನಂದು ತೊಂಬತ್ತೈದು ತಿಂತದ.”

“ಅಂದರ ನಂದು ಅಶಕ್ತ ಏನ್ರಿ?”

“ಅಲ್ಲಬೇ. ನಿಂದ್ರಸಿದಲ್ಲಿ ಕೆಲಸ ಮಾಡ್ತದ, ಬ್ಯಾಟರಿ ಮ್ಯಾಗ ಐದಾರು ತಾಸು ಬರ್ತದ. ನನ್ನ ಮಿಷನ್ ಹುಣಸಿ ಗಿಡದ ಬುಡಕ್ಕ ಒಯ್ದು ಇಡಾಕ ಆಗ್ತದೇನು? ನಿಂದು ಜಲ್ದಿ ಓಡಿ ಸ್ವಲ್ಪ ದಮ್ಮು ತಗೊಳ್ಳೋ ಕೆಲಸಕ್ಕ ಮಾಡಿದ್ದು. ಇದು ದಿನಗಟ್ಟಲೆ ಮಾಡೋ ಕೆಲಸ. ಕಾವು ಹೋಗಾಕ ಜಾಗ ಬೇಕು.”

ಮೇಜಿನ ಖಾನೆಯಿಂದ ಕೆಟ್ಟುಹೋದ ಎರಡು ಮದರ್‌ಬೋರ್ಡ್ ತೆಗೆದು ಪಕ್ಕಪಕ್ಕ ಇಟ್ಟರು. ಲ್ಯಾಪ್‌ಟಾಪಿನದರಲ್ಲಿ ಪ್ರೊಸೆಸರು ಬೋರ್ಡಿಗೇ ಬೆಸುಗೆಯಾಗಿತ್ತು. ಅದರ ಮೇಲಿಂದ ಚಪ್ಪಟೆ ತಾಮ್ರದ ನಳಿಗೆಯೊಂದು ಬಿಸ್ಕಿಟಿನಷ್ಟು ದಪ್ಪದ ಫ್ಯಾನಿಗೆ ಹೋಗಿತ್ತು. ಡೆಸ್ಕ್‌ಟಾಪಿನದು ಹಾಗಲ್ಲ. ಸಣ್ಣ ಕಬ್ಬಿಣದ ಕಡ್ಡಿ ಎತ್ತಿದರೆ ಪ್ರೊಸೆಸರು ಕೂತಲ್ಲಿಂದ ಎದ್ದು ಅಂಗೈಗೆ ಬಂತು. ಜಯಮಾಲಾ ಅದನ್ನು ಹಿಡಿದು ನೋಡಿದಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಸಣ್ಣದು. ಇದನ್ನು ತಂಪಾಗಿಡಲು ಮೇಲೆ ಕೂಡುವ ಲೋಹದ ಗೋಪುರವೇ ಒಂದು ತೆಂಗಿನಕಾಯಿಯಷ್ಟಿತ್ತು.

“ಇದು ಹಳೇದಾದರ ತಗದು ಹೊಸಾದು ಕೂಡಸಬಹುದು. ನಿಂದರಾಗ ಆಗಲ್ಲ, ಹುಟ್ಟಿದಲ್ಲೇ ಇರ್ತದ,” ಎಂದರು ಚಮನಸಾಬರು. “ತಾ, ಫೋಟೋ ಹಾಕು. ಬೇಸ್ತವಾರ ಅಂದಿ, ಅಲ್ಲ?”

ಆದರೆ ಫೋಟೋಗಳನ್ನು ಒಟ್ಟಿಗೆ ಕೊಡಲು ಅವರು ಒಪ್ಪಲಿಲ್ಲ. ಮರವನ್ನು ನಾಲ್ಕು ಪಾಲು ಮಾಡಿಸಿದರು: ಬುಡ, ದಕ್ಷಿಣದ ಕೊಂಬೆಗಳು, ಉತ್ತರದ ಕೊಂಬೆಗಳು, ನೆತ್ತಿ. “ನನ್ನ ಮಿಷನ್‌ಗೆ ತಾಕತ್ ಅದ, ಬ್ಯಾಟರಿ ಇಲ್ಲ. ಯುಪಿಎಸ್ ಹತ್ತು ನಿಮಿಷ ತಡೀತದ. ಕರೆಂಟ್ ಹೋತಂದರ ಒಂದೇ ಪಾಲು ಹೋಗಲಿ, ಪೂರಾ ಗಿಡಾ ಹೋಗೋದು ಬ್ಯಾಡ.”

ಡೆಸ್ಕ್‌ಟಾಪಿನ ಪಕ್ಕದ ತಗಡು ತೆಗೆದಿಟ್ಟು ಕೆಲಸ ಶುರು ಮಾಡಿದರು. ಅದರ ಸದ್ದೇ ಬೇರೆ. ಕೂಗಲಿಲ್ಲ, ಏದುಸಿರು ಬಿಡಲಿಲ್ಲ. ಒಂದೇ ಮಟ್ಟದ ಗುಂಯ್ ಎನ್ನುವ ನಾದ ಅಂಗಡಿಯನ್ನು ತುಂಬಿತು. ವೇಗದ ಅಂಕಿ ನಾಲ್ಕಕ್ಕೆ ಏರಿ ಅಲ್ಲಿಯೇ ನಿಂತಿತು. ಒಂದು ತಾಸಿಗೂ ನಾಲ್ಕು, ಎರಡು ತಾಸಿಗೂ ನಾಲ್ಕು. ಜಯಮಾಲಾ ಸ್ಟೂಲಿನ ಮೇಲೆ ಕೂತು ನೋಡುತ್ತಲೇ ಇದ್ದಳು. ಹೊರಗಿನ ಬಸ್ಸುಗಳ ಕೂಗು, ಜೇವರ್ಗಿ ಜೇವರ್ಗಿ ಎಂದು ಕರೆಯುವ ಕಂಡಕ್ಟರನ ದನಿ ಎಲ್ಲ ದೂರ ಸರಿದವು. ಚುಕ್ಕಿಗಳು ಕೂಡಿ ತೊಗಟೆಯಾದವು. ತೊಗಟೆಯ ಬಿರುಕಿನಲ್ಲಿ ನೆರಳು ತುಂಬಿತು. ಸಕ್ಕುಬಾಯಿ ಚಹಾದ ಬಟ್ಟೆ ಒಣಹಾಕುವ ಮೊಳೆ ಕಂಡಿತು. ಬರೆದು ಮೂರು ದಿನವಾದ ನಂಬರೂ ಕಂಡಿತು.

ಮಂಗಳವಾರ ಮಧ್ಯಾಹ್ನ ಉತ್ತರದ ಪಾಲು ನಡೆದಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟಿತು. ಹತ್ತು ನಿಮಿಷ ಇಬ್ಬರೂ ಪರದೆ ನೋಡುತ್ತ ಕಾದರು. ಪರದೆ ಆರಿತು. ನಾದ ನಿಂತ ಅಂಗಡಿಯಲ್ಲಿ ಗೋಡೆ ಗಡಿಯಾರದ ಟಕ್‌ಟಕ್ ಮಾತ್ರ ಉಳಿಯಿತು. ಜಯಮಾಲಾಳ ಕಣ್ಣು ತುಂಬಿದ್ದು ನೋಡಿ ಚಮನಸಾಬರು ಬಿಸಿಲಲ್ಲಿ ಹೋಗಿ ಎರಡು ಲಿಂಬು ಸೋಡಾ ತಂದರು.

“ಒಂದೇ ಪಾಲು ಹೋಗ್ಯದ. ಇನ್ನೆರಡು ಡಿಸ್ಕಿನ್ಯಾಗ ಆರಾಮ ಮಲಗ್ಯಾವ. ಕುಡಿ.”

ಕರೆಂಟು ಸಂಜೆಗೆ ಬಂತು. ಉತ್ತರದ ಪಾಲನ್ನು ಮೊದಲಿನಿಂದ ಹಚ್ಚಿದರು. ಬುಧವಾರ ಮಧ್ಯಾಹ್ನ ನೆತ್ತಿಯೂ ಮುಗಿದು, ನಾಲ್ಕು ಪಾಲನ್ನು ಹೊಂದಿಸಿದಾಗ ಪರದೆಯ ಕತ್ತಲಲ್ಲಿ ಪೂರ್ತಿ ಹುಣಸೆ ತನ್ನ ತುಂಡು ನೆಲದೊಂದಿಗೆ ತೇಲುತ್ತಿತ್ತು. ಚಮನಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಫಜಲಪುರಕ್ಕೆ ಹೋಗುವಾಗ ಆ ಮರದ ಕೆಳಗೆ ಎಷ್ಟು ಸಲ ನಿಂತಿದ್ದೇನೋ ಎಂದರು.

ಮುಗಿದ ಆಕಾರವನ್ನು ಸ್ವಲ್ಪ ಹಗುರ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಕಟ್ಟುವುದಕ್ಕೆ ಮೂರು ದಿನ ಬೇಕಾದದ್ದನ್ನು ತೋರಿಸುವುದಕ್ಕೆ ಅದಕ್ಕೆ ಕಷ್ಟವಿರಲಿಲ್ಲ. “ನಾನೂ ಬರ್ತೇನಿ,” ಎಂದು ಚಮನಸಾಬರು ಶಟರ್ ಎಳೆದರು. “ದಿನಾ ಕೆಟ್ಟ ಮಿಷನ್ ಮುಖಾನೇ ನೋಡಿ ಸಾಕಾಗ್ಯದ. ಮಿಷನ್ ಕೆಲಸ ಮಾಡಿದ ಮ್ಯಾಲ ಮನಶ್ಯಾರ ಮುಖ ಹ್ಯಾಂಗ ಇರ್ತದ ನೋಡಬೇಕು.”

ಅವರು ಕ್ರಾಸಿಗೆ ಬಂದಾಗ ನಾಲ್ಕೂವರೆ. ಬಿಸಿಲು ಹಳದಿಗೆ ತಿರುಗಿತ್ತು. ಕೊನೆಯ ದಿನವೆಂದು ಚಹಾಕ್ಕೆ ಬಂದವರು ಹೋಗಿಯಾಗಿತ್ತು. ಸಕ್ಕುಬಾಯಿ ಕಪ್ಪುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಜಯಮಾಲಾ ಅವಳನ್ನು ಕಲ್ಲುಬೆಂಚಿನ ಮೇಲೆ ಕೂಡಿಸಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಒಂದು ಬೆರಳು ಹಿಡಿದು ಹೇಗೆ ತಿರುಗಿಸಬೇಕು ಎಂದು ತೋರಿಸಿದಳು.

ಮರ ತಿರುಗಿತು. ಸಕ್ಕುಬಾಯಿ ಗಾಬರಿಯಾಗಿ ಬೆರಳೆತ್ತಿದಳು. ಮರ ನಿಂತಿತು. ಮತ್ತೆ ಮುಟ್ಟಿದಳು. ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬುಡದಿಂದ ಹೊರಟು ಪೂರ್ವಕ್ಕೆ ಹೋದಳು, ಸಿಡಿಲಿಗೆ ಸೀಳಿದ ಕೊಂಬೆಯ ಹತ್ತಿರ ನಿಂತಳು, ದಕ್ಷಿಣಕ್ಕೆ ಬಂದಳು. ತುಟಿಗಳು ಅಲುಗುತ್ತಿದ್ದವು. ಒಂದು ಸುತ್ತು ಪೂರ್ತಿಯಾದ ಮೇಲೆ ಬುಡಕ್ಕೆ ಬಂದು ಹುಡುಕಿದಳು.

“ಒಲಿ ಅದ. ಬೆಂಚ್ ಅದ. ನಾ ಎಲ್ಲಿ?”

ಇದನ್ನು ಜಯಮಾಲಾ ಗಮನಿಸಿರಲೇ ಇಲ್ಲ. ಎಲ್ಲ ಫೋಟೋಗಳಲ್ಲಿ ಒಂದೇ ಕಡೆ ಇದ್ದದ್ದನ್ನಷ್ಟೇ ಕಂಪ್ಯೂಟರು ಉಳಿಸಿಕೊಳ್ಳುತ್ತದೆ. ಅಲುಗಾಡಿದ್ದನ್ನೆಲ್ಲ ಅಳಿಸಿಬಿಡುತ್ತದೆ.

“ನೀವು ಓಡ್ಯಾಡಾಕತ್ತಿದ್ರಿ ಆಯಿ… ನಿಂತದ್ದು ಅಷ್ಟೇ ಬರ್ತದರಿ ಇದರಾಗ. ನಾ ನಿಮಗ ಹೇಳಬೇಕಿತ್ತು, ಒಂದು ಗಳಿಗಿ ಕೂಡ್ರಿ ಅಂತ.”

ಸಕ್ಕುಬಾಯಿ ಒಲೆಯ ಪಕ್ಕದ ಖಾಲಿ ಜಾಗವನ್ನು ಬಾಗಿ ನೋಡಿದಳು. ಆಮೇಲೆ ಬಾಯಿ ತುಂಬ ನಕ್ಕಳು.

“ಖರೇ ಬಿಡು. ಗಿಡಾ ನಿಂತಿತ್ತು, ಅದು ಬಂತು. ನಾ ಯಾವತ್ತು ನಿಂತೀನಿ?”

ಚಮನಸಾಬರೂ ನಕ್ಕರು. ಜಯಮಾಲಾ ಸಕ್ಕುಬಾಯಿಯ ಬೆರಳು ಹಿಡಿದು ಮರವನ್ನು ಮೆಲ್ಲಗೆ ಬಾಗಿಸಿದಳು. ಕೊಂಬೆಗಳು ಕೆಳಗಿಳಿದವು, ರಸ್ತೆ ಮರೆಯಾಯಿತು, ನೆತ್ತಿ ಮೇಲೆದ್ದು ಬಂತು.

ಅದು ಅವತ್ತು ಮೊಬೈಲಿನಲ್ಲಿ ಕಂಡ ಹಸಿರು ಮುದ್ದೆಯಾಗಿರಲಿಲ್ಲ. ನಡುವೆ ಒಂದು ಬೋಗುಣಿಯಂಥ ತಗ್ಗು. ಸುತ್ತ ಕೊಂಬೆಗಳು ಬೆರಳುಗಳ ಹಾಗೆ ಮೇಲೆದ್ದಿದ್ದವು. ಎಳೆ ಎಲೆಗಳ ಮೇಲೆ ಆ ರವಿವಾರದ ಮೊದಲ ಬಿಸಿಲು ಹಾಗೆಯೇ ನಿಂತಿತ್ತು. ಹದ್ದೊಂದರ ಹಳೆಯ ಗೂಡು. ಗೂಡಿನ ಕಡ್ಡಿಗಳ ನಡುವೆ ಯಾವುದೋ ಕೆಂಪು ಬಟ್ಟೆಯ ಚೂರು. ತಲೆಯ ಮೇಲೆ ಇದೆಲ್ಲ ಇಟ್ಟುಕೊಂಡು ಮರ ನಲವತ್ತು ವರ್ಷ ಸುಮ್ಮನೆ ನಿಂತಿತ್ತಲ್ಲ ಎಂದುಕೊಂಡಳು ಜಯಮಾಲಾ. ಮೂವರೂ ಪರದೆಯ ಮೇಲೆ ಬಾಗಿದ್ದರು. ನಿಜವಾದ ಮರ ಅವರ ಮೇಲೆ ಸಂಜೆಯ ಗಾಳಿಗೆ ಸದ್ದು ಮಾಡುತ್ತಿತ್ತು.

“ತಡಿ,” ಎಂದಳು ಸಕ್ಕುಬಾಯಿ. “ಇದು ಹುಣಸಿ ಎಲಿ ಅಲ್ಲ.”

ತಗ್ಗಿನ ಅಂಚಿನಲ್ಲಿ, ಮುರಿದ ಕೊಂಬೆಯ ಪೊಟರೆಯಿಂದ ಅಗಲವಾದ ಏಳೆಂಟು ಎಲೆಗಳು ಹೊರಬಂದಿದ್ದವು. ಜಯಮಾಲಾ ಹತ್ತಿರ ಎಳೆದಳು. ದಪ್ಪನೆಯ, ಹೊಳೆಯುವ ಎಲೆಗಳು. ಆರುನೂರು ಫೋಟೋಗಳಲ್ಲಿ ಹಸಿರಿನಲ್ಲಿ ಹಸಿರಾಗಿ ಅವಳ ಕಣ್ಣಿಗೆ ಬೀಳದೇ ಹೋಗಿದ್ದದ್ದು, ಇಲ್ಲಿ ಸುತ್ತ ತಿರುಗಿಸಿದಾಗ ಬೇರೆಯಾಗಿ ಎದ್ದು ನಿಂತಿತು.

“ಆಲದ ಸಸಿ,” ಎಂದರು ಚಮನಸಾಬರು ಮೆಲ್ಲಗೆ. “ಯಾವ ಹಕ್ಕಿ ತಂದು ಹಾಕಿತ್ತೋ.”

ಸಕ್ಕುಬಾಯಿ ಲ್ಯಾಪ್‌ಟಾಪ್ ಜಯಮಾಲಾಳ ಕೈಗಿತ್ತು ಎದ್ದು ನಿಂತಳು. “ನಾಳೆ ಅದನ್ನ ಜೀವಂತ ಇಳಸಬೇಕು.”

ಬೇಸ್ತವಾರ ಬೆಳಗ್ಗೆ ಕಡಿಯುವವರು ಬಂದಾಗ ಮೂವರೂ ಅಲ್ಲಿದ್ದರು. ಮೇಲೆ ಹತ್ತುವವನು ಬೀರಲಿಂಗಪ್ಪ, ಸೊಂಟಕ್ಕೆ ಹಗ್ಗ ಸುತ್ತಿಕೊಂಡ ನಡುವಯಸ್ಸಿನ ಗಟ್ಟಿಗ. ಸಸಿಯ ಮಾತು ಕೇಳಿ ಅವನು ನಂಬಲಿಲ್ಲ.

“ನಾ ಕೆಳಗಿಂದ ನೋಡೀನಿ, ಏನೂ ಇಲ್ಲ ಆಯಿ.”

ಜಯಮಾಲಾ ಪರದೆ ತೋರಿಸಿದಳು. ಬೀರಲಿಂಗಪ್ಪ ಮರವನ್ನು ಒಂದು ಸುತ್ತು ತಿರುಗಿಸಿ ನೋಡಿದ. ಎಲ್ಲಿ ಕಾಲಿಡಬೇಕು, ಯಾವ ಕೊಂಬೆ ಪೊಳ್ಳು ಎಂದು ಅದರಲ್ಲೇ ಲೆಕ್ಕ ಹಾಕಿಕೊಂಡ. “ಇಂಥಾದ್ದು ದಿನಾ ಇದ್ದರ ಛಲೋ ಇತ್ತು,” ಎಂದು ಚಪ್ಪಲಿ ಬಿಟ್ಟು ಏರಿದ. ಪೊಳ್ಳು ಕೊಂಬೆಯನ್ನು ಉದ್ದಕ್ಕೆ ಸೀಳಿ ಬೇರು ಬಿಡಿಸಿದ. ಅರ್ಧ ತಾಸಿನ ಮೇಲೆ ಗೋಣಿಚೀಲವೊಂದು ಹಗ್ಗದಲ್ಲಿ ತೂಗುತ್ತ ಕೆಳಗಿಳಿಯಿತು. ಚೀಲದೊಳಗೆ ಪೊಟರೆಯ ಮಣ್ಣಿನ ಸಮೇತ ಆಲದ ಸಸಿ.

ಆಮೇಲೆ ಗರಗಸದ ಯಂತ್ರ ಶುರುವಾಯಿತು. ಸಕ್ಕುಬಾಯಿ ಅದನ್ನು ನೋಡುತ್ತ ನಿಲ್ಲಲಿಲ್ಲ. “ನಡೀರಿ, ಬೇರು ಒಣಗ್ತದ,” ಎಂದು ಮುಂದೆ ಹೊರಟಳು. ಚಮನಸಾಬರು ಚೀಲವನ್ನು ಕೂಸಿನ ಹಾಗೆ ತೋಳಲ್ಲಿ ಹಿಡಿದುಕೊಂಡರು. ಎಲ್ಲಿ ನೆಡಬೇಕೆಂಬ ಮಾತು ದಾರಿಯಲ್ಲಿ ಆಯಿತು. ರಸ್ತೆಯ ಬದಿ ಬೇಡ, ಮತ್ತೆ ನಂಬರ್ ಬರೆಯುತ್ತಾರೆ ಎಂದಳು ಸಕ್ಕುಬಾಯಿ. ಮನೆಯ ಹಿತ್ತಲು ಬೇಡ, ಆಲ ಗೋಡೆ ಒಡೆಯುತ್ತದೆ ಎಂದರು ಚಮನಸಾಬರು. ಕಡೆಗೆ ಊರ ಶಾಲೆಯ ಬಯಲಿನ ಮೂಲೆ ಎಂದು ತೀರ್ಮಾನವಾಯಿತು. ರಜೆಯ ದಿನಗಳು, ಬಯಲು ಖಾಲಿಯಾಗಿತ್ತು. ಜಯಮಾಲಾ ಹಾರೆ ಹಿಡಿದಳು. ಕರಿನೆಲ ಮೇಲೆ ಕಲ್ಲಿನಂತೆ, ಒಂದು ಮೊಳ ಇಳಿದ ಮೇಲೆ ತಣ್ಣಗೆ.

ಚೀಲ ಬಿಚ್ಚಿದಾಗ ಮೂವರೂ ಬಾಗಿ ನೋಡಿದರು. ಗೇಣುದ್ದದ ಸಸಿಗೆ ಆಳೆತ್ತರದ ಬೇರು. ಪೊಟರೆಯಿಂದ ಮರದ ಒಳಗೊಳಗೇ ಕೆಳಕ್ಕೆ ಇಳಿಯುತ್ತ, ದಾರದಷ್ಟು ಸಣ್ಣಗೆ, ಎಲ್ಲೂ ಕಡಿಯದೆ ಬಂದಿತ್ತು.

“ನೋಡು, ನೆಲ ಹುಡಕಾಕತ್ತಿತ್ತು,” ಎಂದಳು ಸಕ್ಕುಬಾಯಿ.

ಅಷ್ಟು ಉದ್ದದ ಬೇರನ್ನು ಮಡಚದೆ ಇಳಿಸಲು ಕುಣಿ ಸಾಲದಾಯಿತು. ಜಯಮಾಲಾ ಮತ್ತೆ ಅಗೆಯತೊಡಗಿದಳು. ಚಮನಸಾಬರು ಮೊಣಕಾಲೂರಿ, ಜೇಬಿನ ಬ್ರಷ್ಷಿನಿಂದ ಬೇರಿಗಂಟಿದ ಒಣ ಪುಡಿಯನ್ನು ಮೆಲ್ಲಗೆ ಉದುರಿಸುತ್ತ ಕೂತರು. ಸಕ್ಕುಬಾಯಿ ಶಾಲೆಯ ನಳಕ್ಕೆ ಕೊಡ ಹಿಡಿದಳು. ದೂರದಲ್ಲಿ, ಕ್ರಾಸಿನ ಕಡೆಯಿಂದ ಗರಗಸದ ಸದ್ದು ಒಂದು ಸಲ ಜೋರಾಗಿ, ಆಮೇಲೆ ನಿಂತಿತು. ಯಾರೂ ತಲೆಯೆತ್ತಲಿಲ್ಲ. ಕೊಡ ತುಂಬಿತು; ಕುಣಿಯ ಆಳ ಜಯಮಾಲಾಳ ಸೊಂಟಕ್ಕೆ ಬಂತು.